ಸಣ್ಣ ರೋಟರಿ ಟೂಲ್‌ನಲ್ಲಿ ಹಲಗೆಯ ಅಂಚಿಗೆ ಗ್ರೂವ್ ಹೊಡೆದ ಕಥೆ

ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಒಂದು ರೂಪಾಯಿಗೆ ಒಂದು ಆಟ. ದುಡ್ಡಿಲ್ಲದ ದಿನ ಪೆಟ್ಟಿಗೆಯ ಪಕ್ಕ ನಿಂತು, ಅದರ ಅಂಚಿನ ಕರಿ ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ಬೇರೆಯವರ ಆಟ ನೋಡುತ್ತಿದ್ದೆ. ಹೋದ ಬೇಸಿಗೆ ರಜೆಯಲ್ಲಿ ಮಗನಿಗೆ ಅಂಥದ್ದೇ ಒಂದು ಪೆಟ್ಟಿಗೆ ಮಾಡಿಕೊಡಲು ಹೊರಟೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಒಳಗಿನ ಕಂಪ್ಯೂಟರ್, ಬಟನ್, ಸ್ಕ್ರೀನ್ ಎಲ್ಲಾ ಎರಡು ದಿನದಲ್ಲಿ ಮುಗಿಯಿತು. ಆ ಕರಿ ಪಟ್ಟಿ ಮಾತ್ರ ಮೂರು ಭಾನುವಾರ ತಿಂದಿತು.

ಆ ಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗಿರುತ್ತದೆ. ಅದಕ್ಕೇ ಟಿ ಬೀಡಿಂಗ್ ಅನ್ನುವುದು. ಟಿಯ ತಲೆ ಹಲಗೆಯ ಅಂಚನ್ನು ಮುಚ್ಚುತ್ತದೆ, ಕಾಲು ಹಲಗೆಯ ಒಳಗೆ ಹೋಗುತ್ತದೆ. ಕಾಲಿನ ಎರಡೂ ಕಡೆ ಸಣ್ಣ ಮುಳ್ಳುಗಳಿವೆ. ಒಳಗೆ ಹೋಗುವಾಗ ಮಡಚಿಕೊಳ್ಳುತ್ತವೆ, ಹೊರಗೆ ಎಳೆದರೆ ಕಚ್ಚಿಕೊಳ್ಳುತ್ತವೆ. ಅಂಟು ಬೇಕಿಲ್ಲ. ಆದರೆ ಕಾಲು ಹೋಗಲು ಪೆಟ್ಟಿಗೆಯ ಎಡಬಲದ ಎರಡೂ ಹಲಗೆಗಳ ದಪ್ಪದ ನಡುವೆ ಸುತ್ತಲೂ ಒಂದು ತೆಳ್ಳನೆ ಗ್ರೂವ್, ಅಂದರೆ ಉದ್ದಕ್ಕೆ ಕೊರೆದ ಸೀಳು ಬೇಕು. ನನ್ನ ಬೀಡಿಂಗ್‌ಗೆ 1.7 ಮಿ.ಮೀ. ಅಗಲ, 10 ಮಿ.ಮೀ. ಆಳ.

ನಮ್ಮ ಮನೆಗೆ ವಾರ್ಡ್‌ರೋಬ್ ಮಾಡಿಕೊಟ್ಟ ಆಚಾರ್ರು ಇದನ್ನು ಕೇಳಿ ನಕ್ಕರು. "ಟ್ರಿಮ್ಮರ್ ಕೊಡ್ತೀನಿ ಸಾರ್, ಹತ್ತು ನಿಮಿಷದ ಕೆಲಸ" ಅಂದರು. ಟ್ರಿಮ್ಮರ್ ಅಂದರೆ ಮರದ ಅಂಚು ಕೊರೆಯುವ ಕೈ ಮೆಷಿನ್. ಮಾತು ನಿಜ. ಅದಕ್ಕೆ ಹಾಕಿ ಗ್ರೂವ್ ಕೊರೆಯುವ ಸರಿಯಾದ ಸ್ಲಾಟ್ ಕಟರ್ ಕೈಲಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಟ್ರಿಮ್ಮರ್ ಹಿಡಿಯಿರಿ. ಆದರೆ ನಾನು ಸುತ್ತಿದ ಅಂಗಡಿಗಳಲ್ಲಿ ಸಿಕ್ಕ ಕಟರ್ ಎಲ್ಲಾ 3 ಮಿ.ಮೀ.ಗಿಂತ ಮೇಲಿನವು. ಅಷ್ಟು ಅಗಲಕ್ಕೆ ಬೀಡಿಂಗ್ ಲೊಡಲೊಡ ಅನ್ನುತ್ತದೆ. ಮನೆಯಲ್ಲಿ ಡ್ರೆಮೆಲ್ ಕಂಪನಿಯದರ ತರಹದ ಒಂದು ರೋಟರಿ ಟೂಲ್, ಅಂದರೆ ತುದಿಗೆ ಸಣ್ಣ ಡಿಸ್ಕ್ ಹಾಕಿ ಜೋರಾಗಿ ತಿರುಗಿಸುವ ಕೈ ಮೆಷಿನ್, ಸುಮ್ನೆ ಕೂತಿತ್ತು. ಜೊತೆಗೆ ಗರಗಸದ ಹಲ್ಲಿನ ಸಣ್ಣ ಸ್ಟೀಲ್ ಡಿಸ್ಕ್‌ಗಳ ಸೆಟ್.

ಟೂಲ್ ಹೇಗೆ ನಿಲ್ಲಬೇಕು ಅನ್ನುವುದು ಮೊದಲು ತಲೆಗೆ ಹೋಗಬೇಕು. ಹಲಗೆ ಮಲಗಿರುತ್ತದೆ, ಟೂಲ್ ಅದರ ಮೇಲೆ ನೆಟ್ಟಗೆ ನಿಂತಿರುತ್ತದೆ, ಡಿಸ್ಕ್ ಅಂಚಿನ ಹೊರಗೆ ಕೆಳಕ್ಕೆ ಇಳಿದು ಪಕ್ಕದಿಂದ ಒಳಗೆ ಕೊರೆಯುತ್ತದೆ. ಇದಕ್ಕೆ ಎತ್ತರ ಹೊಂದಿಸುವ ಒಂದು ಸಣ್ಣ ಬೇಸ್ ಸಿಗುತ್ತದೆ, ಟೂಲ್‌ನ ಮೂತಿಯ ಕ್ಯಾಪ್ ಬಿಚ್ಚಿ ಅದೇ ಥ್ರೆಡ್‌ಗೆ ಕೂರಿಸುವುದು. ಡಿಸ್ಕ್ 32 ಮಿ.ಮೀ.ದು ತೆಗೆದುಕೊಂಡೆ. ಅರ್ಧ ಅಂದರೆ 16. ಅದರಲ್ಲಿ ನಡುವಿನ ಸ್ಕ್ರೂ ತಲೆಗೆ 4 ಕಳೆದರೆ 12 ಉಳಿಯುತ್ತದೆ. ನನಗೆ ಬೇಕಾದ್ದು 10. ಅದಕ್ಕಿಂತ ಚಿಕ್ಕದಾದ 25ರ ಡಿಸ್ಕ್ ಹಾಕಿದ್ದರೆ ಎಂಟೂವರೆಗೇ ಸ್ಕ್ರೂ ಬಂದು ಅಂಚಿಗೆ ಬಡಿಯುತ್ತಿತ್ತು.

ಮೊದಲ ತೊಂದರೆ ಚೂರು ಹಲಗೆಯ ಮೇಲೇ ಕಾಣಿಸಿತು. ಡಿಸ್ಕ್‌ನ ನಡು ಹಲಗೆಯ ಹೊರಗಿರುವುದರಿಂದ ಬೇಸ್‌ನ ಅರ್ಧಕ್ಕಿಂತ ಜಾಸ್ತಿ ಭಾಗ ಗಾಳಿಯಲ್ಲಿ ನಿಲ್ಲುತ್ತದೆ. ಕೈ ಸ್ವಲ್ಪ ಭಾರವಾದರೆ ಟೂಲ್ ಹೊರಕ್ಕೆ ವಾಲುತ್ತದೆ, ಗ್ರೂವ್ ಓರೆಯಾಗುತ್ತದೆ. ಬೇಸ್‌ನ ಅಡಿಗೆ ಅಂಗೈಯಷ್ಟು ಉದ್ದದ 6 ಮಿ.ಮೀ. ಪ್ಲೈವುಡ್ ತುಂಡನ್ನು ಸ್ಕ್ರೂ ಮಾಡಿದೆ, ಹಲಗೆಯ ಕಡೆಗೆ ಉದ್ದ ಬಿಟ್ಟು. ಎಡಗೈ ಆ ಬಾಲದ ಮೇಲೆ ಒತ್ತಿಕೊಂಡಿರುತ್ತದೆ, ಬಲಗೈ ಸುಮ್ನೆ ಮುಂದಕ್ಕೆ ತಳ್ಳುತ್ತದೆ. ಅಷ್ಟಕ್ಕೇ ಕೆಲಸ ಅರ್ಧ ಸುಧಾರಿಸಿತು. ಅದರ ಅಡಿಯಲ್ಲೇ, ಡಿಸ್ಕ್‌ನ ಆಚೆ ಈಚೆ ಒಂದೊಂದು ಮರದ ಗೂಟ ಹಾಕಿದೆ. ಗೂಟ ಅಂಚಿಗೆ ತಾಗಿದರೆ ಡಿಸ್ಕ್ ಇನ್ನು ಒಳಗೆ ಹೋಗುವುದಿಲ್ಲ.

ಇನ್ನು ಅಗಲ. ನನ್ನ ಡಿಸ್ಕ್ ಹೊಡೆಯುವ ಗೀರು 0.6 ಮಿ.ಮೀ. ಅಷ್ಟೇ. ಮೂರು ಗೀರು ಒಂದರ ಮೇಲೊಂದು ಬರಬೇಕು. ಬೇಸ್‌ನ ಎತ್ತರದ ಸ್ಕ್ರೂ ಅಷ್ಟು ನಾಜೂಕಾಗಿ ತಿರುಗುವುದಿಲ್ಲ, ನಂಬಿ ಮೋಸ ಹೋದೆ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೇ ವಿಸಿಟಿಂಗ್ ಕಾರ್ಡ್. ಎರಡು ಕಾರ್ಡ್ ಸೇರಿಸಿ ಕ್ಯಾಲಿಪರ್‌ನಲ್ಲಿ ಅಳೆದರೆ 0.55. ಮೊದಲ ಸುತ್ತು ಕಾರ್ಡ್ ಇಲ್ಲದೆ. ಎರಡನೇ ಸುತ್ತಿಗೆ ಪ್ಲೈವುಡ್ ತುಂಡಿನ ಅಡಿಗೆ ಡಬಲ್ ಟೇಪ್‌ನಲ್ಲಿ ಎರಡು ಕಾರ್ಡ್. ಮೂರನೆಯದಕ್ಕೆ ನಾಲ್ಕು. ಪ್ರತಿ ಸಲ ಡಿಸ್ಕ್ ಅಷ್ಟೇ ಮೇಲಕ್ಕೆ ಬರುತ್ತದೆ. ಗೀರಿಗಿಂತ ಕಾರ್ಡಿನ ಹೆಜ್ಜೆ ಕೂದಲಷ್ಟು ಕಡಿಮೆ ಇರಬೇಕು, ಇಲ್ಲದಿದ್ದರೆ ನಡುವೆ ಸಿಪ್ಪೆಯಂಥ ಪೊರೆ ಉಳಿದುಕೊಳ್ಳುತ್ತದೆ. ಆಳವನ್ನೂ ಒಂದೇ ಸಲಕ್ಕೆ ಹೊಡೆಯಲಿಲ್ಲ. ಮೊದಲು 5, ಆಮೇಲೆ 10. ಅಂದರೆ ಒಂದು ಹಲಗೆಗೆ ಆರು ಸುತ್ತು. ಒಂದು ಸುತ್ತು 2.1 ಮೀಟರ್.

ತಳ್ಳುವ ದಿಕ್ಕು: ಹಲಗೆ ನಿಮ್ಮ ಮುಂದಿದೆ, ಅಂಚು ನಿಮ್ಮ ಕಡೆಗಿದೆ ಅಂತಿಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಹೋಗಬೇಕು. ಉಲ್ಟಾ ಹೋದರೆ ಹಲ್ಲು ಮರವನ್ನು ಹತ್ತಿ ಟೂಲನ್ನೇ ಎಳೆದುಕೊಂಡು ಓಡುತ್ತದೆ. ಡಿಸ್ಕ್ ತಿರುಗುವ ವೇಗ ನಿಮಿಷಕ್ಕೆ 15,000 ಸುತ್ತಿನ ಆಸುಪಾಸಿಗೆ ಇಟ್ಟೆ. ಪೂರ್ತಿ 30,000ಕ್ಕೆ ಇಟ್ಟು ನೋಡಿದ್ದೂ ಆಯಿತು, ಎರಡು ಗೇಣು ಹೋಗುವಷ್ಟರಲ್ಲಿ ಹೊಗೆ. ಪ್ಲೈವುಡ್‌ನ ಪದರಗಳ ನಡುವಿನ ಅಂಟು ಗಟ್ಟಿ, ಡಿಸ್ಕ್‌ನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಸುಟ್ಟ ವಾಸನೆ ಬಂದರೆ ಇನ್ನಷ್ಟು ಒತ್ತಬೇಡಿ, ಡಿಸ್ಕ್ ಬದಲಿಸಿ. ಎರಡು ಹಲಗೆಗೆ ನನಗೆ ಮೂರು ಡಿಸ್ಕ್ ಬೇಕಾದವು. ಒಮ್ಮೆ ಡಿಸ್ಕ್ ಗ್ರೂವ್‌ನಲ್ಲೇ ನಿಂತುಬಿಟ್ಟಿತು, ಮೋಟಾರ್ ಮಾತ್ರ ತಿರುಗುತ್ತಾ ಇತ್ತು. ನಡುವಿನ ಸ್ಕ್ರೂ ಸಡಿಲವಾಗಿತ್ತು. ಆಮೇಲೆ ಪ್ರತಿ ಸುತ್ತಿಗೂ ಪ್ಲಗ್ ಕಿತ್ತು ಸ್ಕ್ರೂ ಬಿಗಿ ಮಾಡಿಕೊಂಡೇ ಶುರು ಮಾಡಿದೆ. ಕನ್ನಡಕ ಮತ್ತು ಮಾಸ್ಕ್ ಹಾಕಲೇಬೇಕು, ಧೂಳು ಮುಖಕ್ಕೇ ಬರುತ್ತದೆ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಅಮೆರಿಕದ ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳು ಸಾಮಾನ್ಯವಾಗಿ ಮುಕ್ಕಾಲು ಇಂಚಿನ ಹಲಗೆಯವು. ಬೀಡಿಂಗ್‌ನ ತಲೆಯೂ ಅದೇ ಅಳತೆಗೆ, 19 ಮಿ.ಮೀ. ನಾನು ತಂದದ್ದು 18ರ ಪ್ಲೈ, ಅದರ ಹೊರಮೈಗೆ 1 ಮಿ.ಮೀ. ಮೈಕಾ. ಸರಿಹೋಯಿತು ಅಲ್ವಾ ಅಂದುಕೊಂಡೆ. ಅಳೆದರೆ ಪ್ಲೈ 17.3 ಇತ್ತು! ಮೈಕಾ ಸೇರಿ 18.3. ಅಂದರೆ ಬೀಡಿಂಗ್ 0.7 ಮಿ.ಮೀ. ಜಾಸ್ತಿ ಅಗಲ.

ಹಾಗಾಗಿ ಗ್ರೂವ್ ಹಲಗೆಯ ಸರಿ ನಡುವೆ ಬರಬಾರದು. ನಡುವೆ ಹೊಡೆದರೆ ಎರಡೂ ಕಡೆ 0.35 ಹೊರಗೆ ಚಾಚುತ್ತದೆ. ಬೀಡಿಂಗ್‌ನ ಅರ್ಧ, ಅಂದರೆ 9.5 ಮಿ.ಮೀ.ಯನ್ನು ಹೊರಮೈಯಿಂದ ಅಳೆದು ಅಲ್ಲಿ ಗ್ರೂವ್‌ನ ನಡು ಬರುವಂತೆ ಹೊಡೆದರೆ, ಕಾಣುವ ಕಡೆ ಬೀಡಿಂಗ್ ಮೈಕಾದ ಸಮಕ್ಕೆ ಕೂರುತ್ತದೆ. ಹೆಚ್ಚಾದ 0.7 ಪೂರ್ತಿ ಒಳಗಡೆಗೆ ಹೋಗುತ್ತದೆ. ಅಲ್ಲಿ ಯಾರು ಬಗ್ಗಿ ನೋಡುತ್ತಾರೆ? ಇದನ್ನು ಯೋಚಿಸಿದಾಗ ನನಗೇ ಭೇಷ್ ಅನಿಸಿತ್ತು. ಎಡಗಡೆಯ ಹಲಗೆಗೆ ಹಾಗೇ ಹೊಡೆದೆ, ಚೆನ್ನಾಗಿ ಬಂತು. ಆದರೆ ಬೇಸ್ ಉಜ್ಜಿ ಮೈಕಾದ ಮೇಲೆ ಸುತ್ತಲೂ ಗೀಚು ಬಿದ್ದಿತ್ತು.

ಬಲಗಡೆಯದಕ್ಕೆ ಗೀಚು ಬೀಳಬಾರದು ಅಂತ, ಮೈಕಾ ಕೆಳಗೆ ಮಾಡಿ, ಹಲಗೆಯನ್ನು ಬೋರಲು ಹಾಕಿ ಮಂಚದ ಮೇಲೆ ಕ್ಲ್ಯಾಂಪ್ ಮಾಡಿದೆ. ಬೇಸ್ ಒಳಮೈ ಮೇಲೆ ಓಡಿತು. ಆರೂ ಸುತ್ತು ಮುಗಿಸಿ, ಬೀಡಿಂಗ್ ಕೂರಿಸಿ, ಬೆರಳು ಆಡಿಸಿದಾಗಲೇ ಗೊತ್ತಾಗಿದ್ದು. 9.5 ಒಳಗಡೆಯಿಂದ ಬಂದಿತ್ತು. ಆ 0.7 ಮಿ.ಮೀ. ಪೂರ್ತಿ ಹೊರಗಡೆ, ಕಾಣುವ ಕಡೆ ಏಣಿನ ಹಾಗೆ ನಿಂತಿತ್ತು. ಗೀಚು ತಪ್ಪಿಸಲು ಮೈಕಾಗೆ ಮಾಸ್ಕಿಂಗ್ ಟೇಪ್ ಹಚ್ಚಿದ್ದರೆ ಸಾಕಿತ್ತು. ಮನೆಯಲ್ಲಿ ಎರಡು ರೋಲ್ ಇದ್ದವು.

ಬೀಡಿಂಗ್ ಕೂರಿಸುವುದು ಖುಷಿಯ ಕೆಲಸ. ಕಾಲಿನ ತುದಿಯನ್ನು ಗ್ರೂವ್‌ಗೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಹಿಂದೆಯೇ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುವುದು. ಟಪ್ ಟಪ್ ಅನ್ನುವ ಸದ್ದು ಗಟ್ಟಿಯಾದರೆ ತಳ ಮುಟ್ಟಿದೆ ಅಂತ. ಚೂಪು ಮೂಲೆ ಬಂದಲ್ಲಿ ಕಾಲಿನಲ್ಲಿ ಒಂದು ವಿ ಆಕಾರದ ಕಚ್ಚು ಕತ್ತರಿಸಬೇಕು, ತಲೆಯನ್ನು ಕತ್ತರಿಸಬಾರದು. ತಿರುವಿನಲ್ಲಿ ಕಾಲಿಗೆ ಬೆರಳಗಲಕ್ಕೊಂದು ಸಣ್ಣ ಕಚ್ಚು ಹಾಕಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಬೀಡಿಂಗ್ ಹೇಳಿದ ಹಾಗೆ ಬಾಗುತ್ತದೆ. ಒಳಕ್ಕೆ ಬಾಗಿದ ತಿರುವಿನಲ್ಲಿ ಮಾತ್ರ ಅದು ಎಷ್ಟು ಬಡಿದರೂ ಎದ್ದು ಎದ್ದು ಬರುತ್ತಿತ್ತು. ಕಾರಣ ನನ್ನ ಎರಡು ಗೂಟ. ಅಲ್ಲಿ ಗೂಟಗಳು ಮೊದಲು ತಾಗುವುದರಿಂದ ಡಿಸ್ಕ್ ಪೂರ್ತಿ ಒಳಗೆ ಹೋಗಿರಲಿಲ್ಲ. ಗೂಟವನ್ನು ಒಂದು ಮಿ.ಮೀ. ಹಿಂದಕ್ಕೆ ಸರಿಸಿ ಅಷ್ಟೇ ಜಾಗಕ್ಕೆ ಇನ್ನೊಮ್ಮೆ ಹೊಡೆದೆ, ಕೂತಿತು.

ಬಲಗಡೆಯ ಏಣನ್ನು ಹೊಸ ಬ್ಲೇಡಿನಿಂದ ಹೆರೆದು, 400ರ ಉಪ್ಪುಕಾಗದ ಹಾಕಿ ಉಜ್ಜಿದೆ. ಸಮ ಆಯಿತು, ಆದರೆ ಹೊಳಪು ಹೋಗಿ ಬೂದು ಬಣ್ಣದ ಗೆರೆ ಉಳಿಯಿತು. ಕರಿ ಮಾರ್ಕರ್ ಬಳಿದರೆ ಎರಡು ದಿನಕ್ಕೆ ಕೈಗೆ ಹತ್ತಿಕೊಳ್ಳುತ್ತದೆ. ಆಚಾರ್ರು ಬಂದು ನೋಡಿ ಎಡಗಡೆಗೆ "ಪರವಾಗಿಲ್ಲ ಸಾರ್" ಅಂದರು. ಬಲಗಡೆ ನೋಡಲು ಅವರಿಗೆ ಆಗಲಿಲ್ಲ, ಅದನ್ನು ಗೋಡೆಗೆ ತಾಗಿಸಿ ಇಟ್ಟಿದ್ದೆ.