ಹೊಳೆಗೂ ಕಡಲಿಗೂ ಒಂದೇ ರೀಲ್ ತಗೊಳ್ಳುವವರಿಗೆ

ಬೆಳಿಗ್ಗೆ ಸ್ವರ್ಣಾ ಹೊಳೆ, ಸಂಜೆ ಮಲ್ಪೆ ಕಡಲು ಅಂತ ಒಂದೇ ರೀಲಿನಲ್ಲಿ (ಗಾಳದ ದಾರ ಸುತ್ತುವ ಚಕ್ರ) ಗಾಳ ಹಾಕುವವರು ಉಪ್ಪು ನೀರಿಗೆಂದೇ ಮಾಡಿದ್ದನ್ನು ತಗೊಳ್ಳಿ. ಅದು ಹೊಳೆಗೂ ನಡೆಯುತ್ತದೆ. ಹೊಳೆಯದ್ದು ಕಡಲಲ್ಲಿ ಬಾಳಿಕೆ ಬರುವುದಿಲ್ಲ.

ಡಬ್ಬದ ಮೇಲಿನ ಬೇರಿಂಗ್ ಲೆಕ್ಕಕ್ಕೆ ಮರುಳಾಗಬೇಡಿ. 12 ಬೇರಿಂಗ್ ಅಂತ ನಾನು ಕೊಂಡದ್ದು ಎರಡೇ ತಿಂಗಳಿಗೆ ಕರಕರ ಅನ್ನಲು ಶುರುವಾಯಿತು. ಬಿಚ್ಚಿ ನೋಡಿದರೆ ಲೈನ್ ರೋಲರ್, ಅಂದರೆ ದಾರ ಹಾಯುವ ಪುಟ್ಟ ಉರುಳೆ, ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಒದ್ದೆ ದಾರ ಸದಾ ಅದರ ಮೇಲೇ ಓಡುತ್ತದಲ್ವಾ, ಮೊದಲು ಪೆಟ್ಟು ಬೀಳುವುದೂ ಅದಕ್ಕೇ. ಅಂಗಡಿಯಲ್ಲೇ ಬೆರಳಿಂದ ತಿರುಗಿಸಿ ನೋಡಿ. ಸೀಲ್ ಮಾಡಿದ ನಾಲ್ಕೈದು ಬೇರಿಂಗ್ ಇದ್ದರೂ ಸಾಕು. ಹಿಡಿಕೆ ಲೊಡಲೊಡ ಅಲ್ಲಾಡಬಾರದು. ಅಳಿವೆಯಲ್ಲಿ ಕೆಂಬೇರಿ ಮೀನಿಗೆ ಕೂರುವವರಿಗೆ 4000 ಸೈಜ್ ರೀಲ್ ಸರಿ.

ಮನೆಗೆ ಬಂದ ಕೂಡಲೇ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ತಿರುಪು) ಬಿಗಿ ಮಾಡಿ, ಬಾವಿ ನೀರು ಮೆಲ್ಲ ಚಿಮುಕಿಸಿ ತೊಳೆಯಿರಿ. ಪೈಪ್ ಜೋರಾಗಿ ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಬಕೆಟ್ಟಿನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ. ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲ ಮಾಡಿಡಿ. ರೋಲರಿಗೆ ಒಂದು ಹನಿ ರೀಲ್ ಎಣ್ಣೆ. ತೆಂಗಿನೆಣ್ಣೆ ಹಾಕಬೇಡಿ ಮಾರಾಯ್ರೆ, ಅಂಟಂಟಾಗುತ್ತದೆ.