ಸ್ಟ್ರಾಟಾ ಫ್ಲೋರಿಡಾ: ಮಠದ ಜಮೀನು ಹುಡುಕಿಕೊಂಡು ಹೋದದ್ದು

ವೇಲ್ಸ್‌ನ ಸೆರೆಡಿಗಿಯನ್ ಸೀಮೆಯ ಸ್ಟ್ರಾಟಾ ಫ್ಲೋರಿಡಾ ಎಂಬ ಪಾಳುಬಿದ್ದ ಕ್ರೈಸ್ತ ಮಠಕ್ಕೆ ಬಂದವರು ಚರ್ಚಿನ ಪಶ್ಚಿಮದ ಕಮಾನಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. 14ನೇ ಶತಮಾನದ ಕವಿ ದಾವಿದ್ ಆಪ್ ಗ್ವಿಲಿಮ್‌ನನ್ನು ಹೂಳಿದ್ದಾರೆಂದು ಹೇಳುವ ಯೂ ಮರ ನೋಡಿ ಕಾರು ಹತ್ತುತ್ತಾರೆ. ಕಮಾನು ಸೊಗಸಾಗಿದೆ, ಅದರ ಸುರುಳಿಗಳ ಮುಂದೆ ನಾನೂ ನಿಂತಿದ್ದೇನೆ. ಆದರೆ ನನ್ನನ್ನು ಮತ್ತೆ ಮತ್ತೆ ಎಳೆದದ್ದು ಮಠವನ್ನು ಸಾಕಿದ ಜಮೀನು.

1164ರಲ್ಲಿ ಮಠ ಸ್ಥಾಪನೆ ಮಾಡಿದವನು ನಾರ್ಮನ್ ಪ್ರಭು ರಾಬರ್ಟ್ ಫಿಟ್ಜ್‌ಸ್ಟೀಫನ್. ಮರುವರ್ಷವೇ ವೆಲ್ಷ್ ದೊರೆ ರೀಸ್ ಆಪ್ ಗ್ರಿಫಿದ್ ಈ ಪ್ರದೇಶ ಗೆದ್ದುಕೊಂಡು ಮಠಕ್ಕೂ ಪೋಷಕನಾದ, ಬೆಟ್ಟ ಬಯಲು ದಾನ ಕೊಟ್ಟ. ಅಲ್ಲಿಂದ ಇದು ವೆಲ್ಷರ ಮಠ. 1238ರಲ್ಲಿ ಲ್ಲಿವೆಲಿನ್ ದೊರೆ ತನ್ನ ಮಗನಿಗೆ ನಿಷ್ಠೆಯ ಪ್ರಮಾಣ ಮಾಡಿಸಲು ನಾಡಿನ ಅರಸರನ್ನು ಕರೆಸಿದ್ದು ಇಲ್ಲಿಗೇ. ಇಷ್ಟೆಲ್ಲ ನಡೆಯಲು ಉಣ್ಣೆಯ ದುಡ್ಡು ಬೇಕಿತ್ತು. ಗ್ರೇಂಜ್ ಎನ್ನುವ ಹೊಲಮನೆಗಳಲ್ಲಿ ದುಡಿಮೆಗೆಂದೇ ಮಠ ಸೇರಿದ ಸಹೋದರರು ಇರುತ್ತಿದ್ದರು. ಕ್ರಮೇಣ ಆ ಜಮೀನುಗಳು ಗೇಣಿದಾರರ ಪಾಲಾದವು. 1539ರಲ್ಲಿ ಮಠ ಮುಚ್ಚಿತು, ಕೃಷಿ ನಿಲ್ಲಲಿಲ್ಲ.

ಆ ಜಮೀನಿನ ಹುಡುಕಾಟ ನಾನು ಶುರು ಮಾಡಿದ್ದು ಮನೆಯಲ್ಲಿ, ಲ್ಯಾಪ್‌ಟಾಪ್ ಮುಂದೆ. ವೇಲ್ಸ್‌ನ ಲೈಡಾರ್ ದತ್ತಾಂಶ ಪುಕ್ಕಟೆ ಸಿಗುತ್ತದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದದ್ದು ಅದು. ಮರ, ಕಟ್ಟಡ ತೆಗೆದುಹಾಕಿದ ಡಿಟಿಎಂ ಆವೃತ್ತಿಯನ್ನೇ ಇಳಿಸಿಕೊಳ್ಳಬೇಕು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಿಲ್‌ಶೇಡ್, ಅಂದರೆ ನೆಲದ ಮೇಲೆ ಬಿಸಿಲು ಬಿದ್ದಂತೆ ನೆರಳಿನ ಚಿತ್ರ, ಮಾಡುವಾಗ ಸೂರ್ಯನ ಎತ್ತರ ಸಾಮಾನ್ಯವಾಗಿ 45 ಡಿಗ್ರಿ ಅಂತ ತಾನೇ ಬಂದಿರುತ್ತದೆ. ಅದನ್ನು 15ಕ್ಕೆ ಇಳಿಸಿದರೆ ಮೊಣಕಾಲೆತ್ತರವೂ ಇಲ್ಲದ ಬದುಗಳು ಎದ್ದು ಕಾಣುತ್ತವೆ. ಬೆಳಕಿನ ದಿಕ್ಕನ್ನೂ ಬದಲಾಯಿಸಿ ನೋಡಬೇಕು, ಬೆಳಕು ಬರುವ ದಿಕ್ಕಿಗೇ ಉದ್ದಕ್ಕೆ ಮಲಗಿದ ಬದು ಕಾಣುವುದೇ ಇಲ್ಲ.

ಅದರ ಮೇಲೆ 1840ರ ಆಸುಪಾಸಿನ ಟೈದ್ ನಕ್ಷೆ, ಅಂದರೆ ಚರ್ಚಿಗೆ ಸಲ್ಲುವ ದಶಾಂಶ ತೆರಿಗೆಗಾಗಿ ಮಾಡಿದ ನಕ್ಷೆ, ಹೊದಿಸಿದೆ. ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಪ್ರತಿ ಹೊಲದ ಹೆಸರು, ಒಡೆಯ, ಗೇಣಿದಾರ, ಬೆಳೆ, ನಮ್ಮ ಪಹಣಿ ಹಾಗೆಯೇ. ನಕ್ಷೆಯ ಬೇಲಿ ಲೈಡಾರಿನ ಬದುವನ್ನು ತುಂಡರಿಸಿಕೊಂಡು ಹೋಗಿದ್ದರೆ, ಬದು ಬೇಲಿಗಿಂತ ಹಳೆಯದು. ಎಷ್ಟು ಹಳೆಯದು ಅಂತ ಇಷ್ಟರಿಂದ ಹೇಳಲಾಗದು.

ಒಂದು ಗೆರೆ ನನ್ನನ್ನು ಬಹಳ ಕಾಡಿತು. ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟ ಹಿಡಿದು ಹೋಗುವ ಕಾಲುವೆ. ಸ್ಥಳಕ್ಕೆ ಹೋದರೆ ಹಳ್ಳವೇನೂ ಇಲ್ಲ, ಹುಲ್ಲಿನ ನಡುವೆ ಜೊಂಡು ಮಾತ್ರ ಒಂದೇ ಸಾಲಾಗಿ ಬೆಳೆದಿದೆ. ಬೂಟು ಊರಿದರೆ ಪಚಕ್ಕನೆ ನೀರು. ಹೊಲದ ಯಜಮಾನರನ್ನು ಕೇಳಿದೆ. "ನಮ್ಮಜ್ಜ ತೋಡಿದ್ದಲ್ಲ ಅದು, ಅವರ ಅಜ್ಜನೂ ಅಲ್ಲ" ಎಂದರು. ಮಠದ್ದೇ ಇರಬೇಕು ಅಂತ ಕುಣಿಯುವ ಆಸೆ ಯಾರಿಗಾದರೂ ಆಗುತ್ತದೆ! ಆದರೆ ಈ ಬೆಟ್ಟಗಳಲ್ಲಿ 19ನೇ ಶತಮಾನದ ಸೀಸದ ಗಣಿಗಳಿಗೆ ತೋಡಿದ ಕಾಲುವೆಗಳೂ ಬೇಕಾದಷ್ಟಿವೆ. ಅದಕ್ಕೇ ಕೆಳತುದಿಯವರೆಗೂ ನಡೆಯಬೇಕು. ನೀರುಗಾಲಿಯ ಹೊಂಡ, ಬೂದುಬಣ್ಣದ ಗಣಿಕಸದ ದಿಬ್ಬ ಸಿಕ್ಕರೆ ಮಠದ ಮಾತು ಬಿಡಬೇಕು. ನನ್ನ ಕಾಲುವೆ ಹುಲ್ಲುಗಾವಲಿನಲ್ಲೇ ಕರಗಿಹೋಯಿತು. ನಕ್ಷೆಯಲ್ಲಿ ಅದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಅಬ್ಬಿಕುಮ್‌ಹೀರ್ ಮಠದ ಕಡೆಗೆ ಬೆಟ್ಟ ದಾಟಿ ಹೋಗುವ 'ಮಂಕ್ಸ್ ಟ್ರಾಡ್', ಅಂದರೆ ಸನ್ಯಾಸಿಗಳ ದಾರಿಯ ಒಂದು ತುಂಡನ್ನೂ ನಡೆದೆ. ಕೆಸರು, ಗಾಳಿ, ಕುರಿ. ಹಿಂದೊಮ್ಮೆ ಮೋಟಾರು ಬೈಕುಗಳು ಓಡಾಡಿ ಅಲ್ಲಲ್ಲಿ ಕೊರೆದುಹೋಗಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಬಳಸುವುದು ಅಪರಾಧ, ಒಯ್ಯಲೇಬೇಡಿ. ಬೇಸಿಗೆಯಲ್ಲಿ ಬ್ರ್ಯಾಕನ್ ಜರಿಗಿಡ ಸೊಂಟದೆತ್ತರ ಬೆಳೆದು ಬದುಗಳೆಲ್ಲ ಮುಚ್ಚಿಹೋಗುತ್ತವೆ. ಗಿಡ ಒಣಗಿ, ಬಿಸಿಲು ಓರೆಯಾಗಿ ಬೀಳುವ ಫೆಬ್ರವರಿಯೇ ಸರಿ. ಮಾರ್ಚ್ ಬಂದರೆ ಕುರಿಗಳು ಈಯಲು ಶುರು, ಆಮೇಲೆ ರೈತರಿಗೆ ನಿಮ್ಮ ಹಳೇ ಕಾಲುವೆಯ ವಿಚಾರ ಕೇಳಲು ಪುರುಸೊತ್ತಿರುವುದಿಲ್ಲ.