ಬೀಗ ಹಾಕಿದ ಫೈಲಿನಲ್ಲಿ ಹುಡುಕಾಟ: ನನ್ನ ಅನುಭವ

ಭಾವನದು ಸಾಗರದಲ್ಲಿ ಪುಟ್ಟ ಆಸ್ಪತ್ರೆ. ಹನ್ನೆರಡು ಹಾಸಿಗೆ, ಒಂದು ಲ್ಯಾಬ್, ಹಿಂದುಗಡೆ ಒಂದು ರೆಕಾರ್ಡ್ ರೂಮ್. ಒಂದು ಮಳೆಗಾಲ ಆ ರೂಮಿನ ಮಾಡು ಸೋರಿ ಎರಡು ಕಪಾಟಿನ ಕೇಸ್ ಶೀಟುಗಳು ಒದ್ದೆಯಾದವು. ಅವತ್ತು ರಾತ್ರಿ ಭಾವ ಫೋನ್ ಮಾಡಿದರು.

"ಎಲ್ಲ ಸ್ಕ್ಯಾನ್ ಮಾಡಿ ಕ್ಲೌಡಿಗೆ ಹಾಕ್ಬೇಕು ಅಂತಿದೀನಿ. ನೀನು ಅದರಲ್ಲೇ ಪಿಎಚ್‌ಡಿ ಮಾಡ್ತಿದೀಯಲ್ಲ, ಹೇಳು. ಬೇರೆ ಯಾರೂ ಓದಬಾರದು."

"ಎನ್‌ಕ್ರಿಪ್ಟ್ ಮಾಡಿ ಹಾಕಿ ಭಾವ. ಕೀ ನಿಮ್ಮ ಹತ್ತಿರವೇ ಇಟ್ಕೊಳ್ಳಿ" ಅಂದೆ. ಮಾತು ಮುಗಿಯಿತು ಅಂದುಕೊಂಡೆ.

"ಬೀಗ ಹಾಕಿಟ್ಟ ಮೇಲೆ ಹುಡ್ಕೋದು ಹೆಂಗೆ ಮಾರಾಯ್ತಿ? ಸೊರಬದ ಕಡೆಯ ಶುಗರ್ ಪೇಷಂಟುಗಳ ಫೈಲ್ ಕೊಡು ಅಂದ್ರೆ ಅದು ಕೊಡತ್ತಾ?"

ಕೊಡುವುದಿಲ್ಲ. ಎನ್‌ಕ್ರಿಪ್ಟ್ ಆದ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಕಲಸಿಟ್ಟ ಫೈಲು ಕ್ಲೌಡಿನ ಸರ್ವರ್ ಪಾಲಿಗೆ ಬರೀ ಕಸ. ಒಂದು ಪದ ಹುಡುಕಲು ಎಲ್ಲ ಫೈಲನ್ನೂ ಇಳಿಸಿಕೊಂಡು, ಬಿಚ್ಚಿ, ನೋಡಬೇಕು. ಹಾಗಾದರೆ ಕ್ಲೌಡ್ ಯಾಕೆ ಬೇಕು, ಅಲ್ವಾ? ಆಗ ನಾನು ಪಿಎಚ್‌ಡಿಗೆ ಸೇರಿ ಎರಡು ವರ್ಷವಾಗಿತ್ತು. ವಿಷಯ ಕ್ಲೌಡ್ ಸೆಕ್ಯುರಿಟಿ ಅಂತ ಬರೆದುಕೊಟ್ಟಿದ್ದೆನೇ ಹೊರತು ಕೈಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಭಾವನ ಪ್ರಶ್ನೆಯನ್ನೇ ಎತ್ತಿಕೊಂಡೆ.

ಥೀಸಿಸ್ಸಿನ ಮೊದಲ ಅಧ್ಯಾಯಕ್ಕೆ ಎಲ್ಲರ ಹಾಗೆ ನಾನೂ ಖಾಸಗಿತನದ ತೀರ್ಪಿನ ಬಗ್ಗೆ ಬರೆದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹೆಮ್ಮೆಯಿಂದ ಭಾವನಿಗೆ ಓದಿ ಹೇಳಿದೆ. "ಹಕ್ಕು ಸರಿ, ಫೈಲು ಹುಡ್ಕೋದು ಹೇಳು" ಅಂದರು.

ಬೀಗ ಬಿಚ್ಚದೆ ಹುಡುಕುವ ವಿದ್ಯೆ ಹೊಸದಲ್ಲ. 2000ದಲ್ಲೇ ಬರ್ಕ್ಲಿಯ ಸಾಂಗ್, ವ್ಯಾಗ್ನರ್, ಪೆರಿಗ್ ಎಂಬ ಮೂವರು ಒಂದು ದಾರಿ ತೋರಿಸಿದ್ದರು. 2006ರಲ್ಲಿ ಕರ್ಟ್‌ಮೋಲಾ ಮತ್ತು ಜೊತೆಗಾರರು ಇಂಥ ಹುಡುಕಾಟದಲ್ಲಿ ಸರ್ವರಿಗೆ ಏನೇನು ಗೊತ್ತಾಗುತ್ತದೆ ಎಂಬುದನ್ನು ಬಿಗಿಯಾಗಿ ಬರೆದಿಟ್ಟರು. ಉಪಾಯ ಸರಳ. "ಸೊರಬ" ಎಂಬ ಪದವನ್ನು ಕೀ ಜೊತೆ ಸೇರಿಸಿ ಎಚ್‌ಮ್ಯಾಕ್ ಎಂಬ ಲೆಕ್ಕಕ್ಕೆ ಹಾಕಿದರೆ ಅರ್ಥವಿಲ್ಲದ ಒಂದು ಟೋಕನ್ ಬರುತ್ತದೆ. ಆ ಪದ ಇರುವ ಫೈಲುಗಳ ನಂಬರನ್ನು ಎನ್‌ಕ್ರಿಪ್ಟ್ ಮಾಡಿ ಟೋಕನ್ ಎದುರು ಇಡುವುದು. ಈ ಪಟ್ಟಿಗಳೆಲ್ಲ ಸೇರಿದ್ದೇ ಇಂಡೆಕ್ಸ್. ಹುಡುಕುವಾಗ ಟೋಕನ್ ಮಾತ್ರ ಕಳಿಸುವುದು. ಸರ್ವರಿಗೆ ಸೊರಬವೂ ಗೊತ್ತಿಲ್ಲ, ಶುಗರೂ ಗೊತ್ತಿಲ್ಲ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಇಂಡೆಕ್ಸಿನ ತುಂಬ ಚೆಲ್ಲಿದೆ. ಹುಡುಕುವ ತನಕ ಯಾವ ಪದಕ್ಕೆ ಎಷ್ಟು ಫೈಲು ಎಂಬುದೂ ಸರ್ವರಿಗೆ ತಿಳಿಯಬಾರದು ಎಂದು. ಹೆಚ್ಚೆಂದರೆ ಇನ್ನೂರು ಸಾಲಿನ ಪೈಥಾನ್. ಒಂದು ವಾರದ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾವ "ತಗೋ" ಅಂದರೂ ರೋಗಿಗಳ ನಿಜವಾದ ದಾಖಲೆ ಒಂದನ್ನೂ ನಾನು ಮುಟ್ಟಲಿಲ್ಲ. ಆಸ್ಪತ್ರೆಯ ಖಾಲಿ ಫಾರಂ ತರಿಸಿಕೊಂಡು ಸುಳ್ಳು ಹೆಸರು, ಸುಳ್ಳು ಕಾಯಿಲೆ ತುಂಬಿದೆ. ಊರಿನ ಹೆಸರುಗಳು ಮಾತ್ರ ನಿಜ.

ಮೊದಲ ಪರೀಕ್ಷೆಯಲ್ಲೇ ಸೊರಬ ಸಿಗಲಿಲ್ಲ! ನಾನೇ ತುಂಬಿದ ಫೈಲು, ನಾನೇ ಹುಡುಕಿದ ಪದ. ಕೆಲವು ಫೈಲು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಎರಡು ದಿನ ಎನ್‌ಕ್ರಿಪ್ಷನ್ ಕೋಡಿನಲ್ಲೇ ತಪ್ಪು ಹುಡುಕಿದೆ. ತಪ್ಪು ಇದ್ದದ್ದು "ಸೊ" ಅಕ್ಷರದಲ್ಲಿ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಒತ್ವಕ್ಕೆ ಒಂದೇ ಸಂಕೇತ ಇದೆ. ಅದನ್ನೇ ಎತ್ವ ಮತ್ತು ಊಕಾರ ಎರಡನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ "ಸೊ". ಕಣ್ಣಿಗೆ ವ್ಯತ್ಯಾಸವೇ ಇಲ್ಲ. ನನ್ನ ಅರ್ಧ ಡೇಟಾ ಹಳೆಯ ನುಡಿ ತಂತ್ರಾಂಶದ ಫೈಲುಗಳಿಂದ ಕನ್ವರ್ಟ್ ಆಗಿ ಬಂದದ್ದು, ಅದರಲ್ಲಿ ಅಕ್ಷರ ಹೀಗೆ ಒಡೆದಿತ್ತು. ಮಾಮೂಲಿ ಸರ್ಚ್ ಇಂಜಿನ್ನುಗಳು ಇಂಥದ್ದನ್ನು ಸಂಭಾಳಿಸಿಕೊಳ್ಳುತ್ತವೆ. ಎಚ್‌ಮ್ಯಾಕ್ ಹಾಗಲ್ಲ. ಒಂದು ಬಿಟ್ ಬದಲಾದರೂ ಟೋಕನ್ ಪೂರ್ತಿ ಬೇರೆ. ಅದರ ಕೆಲಸವೇ ಅದು.

ಪದವನ್ನು ಮೊದಲು ಎನ್ಎಫ್‌ಸಿ ಎಂಬ, ಒಡೆದ ಅಕ್ಷರಗಳನ್ನು ಕೂಡಿಸಿದ ರೂಪಕ್ಕೆ ತಂದು ಆಮೇಲೆ ಎಚ್‌ಮ್ಯಾಕಿಗೆ ಕೊಟ್ಟೆ. ಸೊರಬ ಸಿಕ್ಕಿತು, ಹೊಸನಗರವೂ ಸಿಕ್ಕಿತು. ಆಮೇಲೆ ಕಣ್ಣಿಗೆ ಕಾಣದ ಜಾಯಿನರ್ ಅಕ್ಷರಗಳ ಕಾಟ. ಅವನ್ನು ಎನ್ಎಫ್‌ಸಿ ತೆಗೆಯುವುದಿಲ್ಲ, ಬೇರೆಯಾಗಿಯೇ ಕಿತ್ತು ಹಾಕಬೇಕು. ಆಮೇಲೆ ೪ ಮತ್ತು 4. ಎಲ್ಲಕ್ಕಿಂತ ದೊಡ್ಡ ತಲೆನೋವು ವಿಭಕ್ತಿ. ಜ್ವರ, ಜ್ವರದಿಂದ, ಜ್ವರಕ್ಕೆ, ಜ್ವರವೂ: ನಮಗೆ ಒಂದೇ ಜ್ವರ, ಟೋಕನ್ನಿಗೆ ನಾಲ್ಕು ಬೇರೆ ಬೇರೆ. ನಾನು ಓದಿದ ಪೇಪರುಗಳಲ್ಲಿ ಪದದ ಬಾಲ ಕತ್ತರಿಸುವ ಇಂಗ್ಲಿಷಿನ ಪೋರ್ಟರ್ ಸ್ಟೆಮ್ಮರ್ ಹಾಕಿ ಒಂದೇ ಸಾಲಿನಲ್ಲಿ ಮುಗಿಸಿದ್ದರು. ನಾನು ಸಾಮಾನ್ಯ ಪ್ರತ್ಯಯಗಳ ಪಟ್ಟಿ ಮಾಡಿ ಬಾಲ ಕತ್ತರಿಸುವ ಒರಟು ಕೋಡ್ ಬರೆದೆ. ಅದು "ಮೂಲವ್ಯಾಧಿಗೆ"ಯನ್ನು ಸರಿಯಾಗಿ ಕತ್ತರಿಸಿತು, "ಹೊಟ್ಟೆಗೆ"ಯನ್ನೂ ಕತ್ತರಿಸಿತು, "ಹೊಗೆ"ಯನ್ನೂ ಕತ್ತರಿಸಿ "ಹೊ" ಮಾಡಿತು. ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ನನ್ನ ಸಲಹೆ: ಗಣಿತಕ್ಕಿಂತ ಮೊದಲು ಅಕ್ಷರ ನೋಡಿ. ನನ್ನ ಆರು ತಿಂಗಳು ಅಲ್ಲೇ ಹೋಯಿತು.

ಇನ್ನೊಂದು ತಪ್ಪನ್ನು ಬೇಗ ಹೇಳಿ ಮುಗಿಸುತ್ತೇನೆ, ನಾಚಿಕೆಯಾಗುತ್ತದೆ. ಸೊರಬದ ತಪ್ಪು ಹುಡುಕುವಾಗ, ಹುಡುಕಿದ ಪ್ರತಿ ಪದವನ್ನೂ ಒಂದು ಲಾಗ್ ಫೈಲಿಗೆ ಬರೆಸಿದ್ದೆ. ಆ ಫೋಲ್ಡರ್ ತಂತಾನೇ ಕ್ಲೌಡಿಗೆ ಬ್ಯಾಕಪ್ ಆಗುತ್ತಿತ್ತು. ಎನ್‌ಕ್ರಿಪ್ಟ್ ಆದ ಇಂಡೆಕ್ಸಿನ ಪಕ್ಕದಲ್ಲೇ ಬಯಲಾಗಿ ಕೂತ ನನ್ನ ಪದಗಳ ಪಟ್ಟಿ. ಸುಳ್ಳು ಡೇಟಾ ಆದ್ದರಿಂದ ಬಚಾವಾದೆ.

ಇಷ್ಟಾದ ಮೇಲೆ ಗೈಡ್ ಮೇಡಂಗೆ ಡೆಮೊ ಕೊಟ್ಟೆ. ನೋಡಿ, "ಕಟ್ಟಿದ್ದು ಸಾಕು, ಈಗ ನೀನೇ ಒಡಿ" ಅಂದರು.

ಒಡೆಯುವುದು ಹೇಗೆ ಎಂದು ನನಗೆ ಅರ್ಥ ಮಾಡಿಸಿದ್ದು ಯಾವ ಪೇಪರೂ ಅಲ್ಲ, ಭಾವನ ಆಸ್ಪತ್ರೆಯ ರೆಕಾರ್ಡ್ ರೂಮಿನ ಅಟೆಂಡರ್ ಅಜ್ಜ. ಅಜ್ಜನಿಗೆ ಓದು ಬಾರದು, ನಂಬರ್ ಗುರುತು ಸಿಗುತ್ತದೆ ಅಷ್ಟೆ. ನರ್ಸ್ ಚೀಟಿಯಲ್ಲಿ ನಂಬರ್ ಕೊಟ್ಟರೆ ಫೈಲ್ ತಂದು ಕೊಡುತ್ತಾರೆ. ಒಂದು ಸಲ ಸುಮ್ನೆ ಮಾತಿಗೆ, "ಅಜ್ಜಾ, ಈ ಫೈಲೆಲ್ಲ ಯಾರದು ಅಂತ ನಿಮಗೆ ಗೊತ್ತಾಗತ್ತಾ?" ಎಂದು ಕೇಳಿದೆ. "ಬುಧವಾರ ಕೇಳೋ ಕಟ್ಟು ಸಕ್ಕರೆ ಕಾಯ್ಲೆಯವರದ್ದು" ಅಂದರು. ಹೇಗೆ? "ಅವತ್ತು ಬರೋರೆಲ್ಲ ಬೆಳಿಗ್ಗೆ ತಿಂಡಿ ತಿನ್ನದೇ ಬಂದು ಕೂತಿರ್ತಾರಲ್ಲ. ಆ ಕಟ್ಟಿನ ಫೈಲು ಶುಕ್ರವಾರದ ಕಟ್ಟಲ್ಲೂ ಬಂತು ಅಂದ್ರೆ ಅವ್ರಿಗೆ ಕಿಡ್ನಿನೂ ಹೋಗಿದೆ."

ಒಂದು ಫೈಲನ್ನೂ ತೆರೆಯದೆ! ನಮ್ಮ ಸರ್ವರ್ ಈ ಅಜ್ಜನೇ. ಯಾವ ಟೋಕನ್ ಮತ್ತೆ ಮತ್ತೆ ಬಂತು, ಅದಕ್ಕೆ ಎಷ್ಟು ಫೈಲು ಹೋದವು, ಯಾವ ಎರಡು ಟೋಕನ್ನುಗಳಲ್ಲಿ ಒಂದೇ ಫೈಲು ಕಾಣಿಸಿತು, ಎಲ್ಲ ಅದರ ಕಣ್ಣೆದುರೇ ನಡೆಯುತ್ತದೆ. ಹೊರಗಿನ ಒಂದು ಸಣ್ಣ ಸುಳಿವು ಸಿಕ್ಕರೆ ಸಾಕು. ತಿಂಡಿ ತಿನ್ನದೆ ಬಂದವರು, ಅಷ್ಟೆ.

2012ರಲ್ಲಿ ಇಸ್ಲಾಂ, ಕುಜು, ಕಂತಾರ್ಜಿಯೋಲು ಎಂಬವರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಅವರು ಬಳಸಿದ್ದು ಎನ್ರಾನ್ ಇಮೇಲುಗಳು. ಎನ್ರಾನ್ 2001ರಲ್ಲಿ ದಿವಾಳಿಯಾದ ಅಮೆರಿಕದ ಕಂಪನಿ. ತನಿಖೆಯ ಹೊತ್ತಿಗೆ ಅದರ ಸುಮಾರು 150 ಮಂದಿಯ ಇಮೇಲುಗಳನ್ನು ಅಲ್ಲಿನ ಇಂಧನ ನಿಯಂತ್ರಣ ಆಯೋಗ ಬಹಿರಂಗ ಮಾಡಿತು. ಇವತ್ತಿಗೂ ನಮ್ಮಂಥವರಿಗೆ ಅದೇ ಪ್ರಯೋಗದ ಇಲಿ. ಆ ಮಂದಿ ಊಟಕ್ಕೆ ಕರೆದದ್ದು, ಜಗಳ ಆಡಿದ್ದು ಎಲ್ಲ ಓದುತ್ತಾ ಖಾಸಗಿತನದ ಮೇಲೆ ಸಂಶೋಧನೆ ಮಾಡುವುದು ನನಗೆ ಮೊದಮೊದಲು ಕಸಿವಿಸಿಯಾಗುತ್ತಿತ್ತು. ಈಗಲೂ ಆಗುತ್ತದೆ.

ನಾನೂ ಅವರು ತೆಗೆದುಕೊಂಡ 30,109 ಮೇಲುಗಳನ್ನೇ ತೆಗೆದುಕೊಂಡೆ. 2015ರಲ್ಲಿ ಕ್ಯಾಶ್ ಮತ್ತು ಜೊತೆಗಾರರು ಹೇಳಿದ ಎಣಿಕೆಯ ದಾಳಿ ಇನ್ನೂ ಸುಲಭ. ದಾಳಿಕೋರನಿಗೆ ಮೇಲುಗಳು ಗೊತ್ತಿವೆ ಎಂದುಕೊಳ್ಳಿ. ಒಂದು ಪದ ಸರಿಯಾಗಿ 1,204 ಮೇಲಿನಲ್ಲಿದೆ, ಅಷ್ಟೇ ಸಂಖ್ಯೆಯ ಇನ್ನೊಂದು ಪದ ಇಲ್ಲ. ಯಾವುದೋ ಟೋಕನ್ನಿಗೆ 1,204 ಉತ್ತರ ಹೋಯಿತು. ಮುಗಿಯಿತಲ್ಲ. ಜಾಸ್ತಿ ಬಳಕೆಯ 500 ಪದಗಳನ್ನು ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಪದಗಳ ಎಣಿಕೆ ಹೀಗೆ ಒಂಟಿಯಾಗಿಯೇ ಇರುತ್ತದೆ. ಉಳಿದವನ್ನು ಯಾವ ಪದ ಯಾವುದರ ಜೊತೆ ಬರುತ್ತದೆ ಎಂದು ನೋಡಿ ಹಿಡಿಯಬಹುದು. ಪ್ರೋಗ್ರಾಂ ಓಡಿಸಿ ಕಾಫಿ ಮಾಡಿಕೊಂಡು ಬಂದೆ. ಪರದೆಯ ಮೇಲೆ ಪದಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಕೀ ಇದ್ದ ಫೈಲನ್ನು ನಾನು ಮುಟ್ಟಿಯೇ ಇರಲಿಲ್ಲ.

"ಇಮೇಲೇ ಗೊತ್ತಿರೋನು ಕದಿಯೋದು ಯಾಕೆ?" ಅಂದರು ಭಾವ. ಒಳ್ಳೆಯ ಪ್ರಶ್ನೆ. ಗೊತ್ತಿರುವುದು ಸ್ವಲ್ಪ ಕಡಿಮೆಯಾದರೂ 2012ರ ದಾಳಿ ಕುಸಿದು ಬೀಳುತ್ತದೆ. ನನ್ನ ಪ್ರಯೋಗದಲ್ಲೂ ಬಿತ್ತು. ಇಂಥ ದಾಳಿಗಳನ್ನು ಪೇಪರುಗಳಲ್ಲಿ ಸ್ವಲ್ಪ ಜಾಸ್ತಿಯೇ ಹೆದರಿಸಿ ಬರೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಜ್ಜನಿಗೂ ಫೈಲಿನ ಒಳಗಿದ್ದದ್ದು ಗೊತ್ತಿರಲಿಲ್ಲವಲ್ಲ!

ತಡೆಯುವ ಉಪಾಯ ಪ್ಯಾಡಿಂಗ್. ಉತ್ತರದ ಎಣಿಕೆಯನ್ನು 1, 2, 4, 8 ಹೀಗೆ ಎರಡರ ಘಾತಕ್ಕೆ ಏರಿಸಿ ನಕಲಿ ನಂಬರು ತುಂಬುವುದು. 37 ಇದ್ದರೆ 64 ಮಾಡುವುದು. 30,109 ಮೇಲುಗಳಿಗೆ ಆಗ ಬರಬಹುದಾದದ್ದು ಬರೀ 16 ಬಗೆಯ ಎಣಿಕೆ. ಇಂಡೆಕ್ಸ್ ದುಪ್ಪಟ್ಟಿಗಿಂತ ಕಡಿಮೆಯೇ ಬೆಳೆಯುತ್ತದೆ. ಎಣಿಕೆಯ ದಾಳಿ ಕಂಗಾಲಾಯಿತು. ಖುಷಿಯಲ್ಲಿ ಪೇಪರಿನ ಕರಡೂ ಬರೆದೆ.

ನಮ್ಮ ಲ್ಯಾಬಿನ ಎಂ.ಟೆಕ್ ಹುಡುಗಿಯೊಬ್ಬಳು ಕರಡು ಓದಿ ಕೇಳಿದಳು: "ಮೇಡಂ, ಸ್ಟೋರೇಜ್ ಕಡೆಯ ಲಾಗ್ ನೋಡಿದ್ರಾ?"

ನೋಡಿರಲಿಲ್ಲ. ನನ್ನ ಇಂಡೆಕ್ಸ್ ಒಂದು ಸರ್ವರಿನಲ್ಲಿ, ಫೈಲುಗಳು ಇನ್ನೊಂದು ಕಡೆ, ಸ್ಟೋರೇಜ್ ಬಕೆಟ್ ಎಂಬ ಕ್ಲೌಡಿನ ಉಗ್ರಾಣದಲ್ಲಿ. ಇಂಡೆಕ್ಸ್ 64 ನಂಬರ್ ಕೊಡುತ್ತಿತ್ತು. ನನ್ನ ಲ್ಯಾಪ್‌ಟಾಪ್ ಬುದ್ಧಿವಂತಿಕೆಯಿಂದ 27 ನಕಲಿ ಬಿಸಾಕಿ, ಬಕೆಟ್ಟಿನಿಂದ 37 ಮಾತ್ರ ತರಿಸುತ್ತಿತ್ತು. ಬಕೆಟ್ಟಿನ ಲಾಗಿನಲ್ಲಿ ಸ್ಪಷ್ಟವಾಗಿ 37! ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಎರಡು ಕಡೆ ಹಂಚಿದ ವ್ಯವಸ್ಥೆಯಲ್ಲಿ ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ಸೋರುತ್ತದೆ. ನಾನು ಅಷ್ಟು ದಿನ ಓದಿದ್ದೆಲ್ಲ ಇಂಡೆಕ್ಸಿನ ಲೆಕ್ಕ, ಫೈಲು ತರುವ ದಾರಿಯ ಕಡೆ ತಲೆಯೇ ಹಾಕಿರಲಿಲ್ಲ.

ಸರಿಮಾಡಲು ನಕಲಿಗಳ ಜಾಗಕ್ಕೆ ಬೇರೆ ನಿಜವಾದ ಫೈಲುಗಳ ನಂಬರೇ ಹಾಕಿದೆ. 64ನ್ನೂ ತರಿಸಿ, ಬಿಚ್ಚಿದ ಮೇಲೆ 27 ಬಿಡುವುದು. ಅದರಲ್ಲೂ ಎಡವಿದೆ. ಪ್ರತಿ ಹುಡುಕಾಟಕ್ಕೂ ಹೊಸ 27 ಆಯ್ದರೆ ಜಾಸ್ತಿ ಭದ್ರ ಅಂದುಕೊಂಡೆ. ಅಜ್ಜನ ಕಣ್ಣಿನಲ್ಲಿ ನೋಡಿ: ಒಂದೇ ಚೀಟಿಗೆ ಮೂರು ಸಲ 64 ಫೈಲು ತಂದರೆ, ಮೂರರಲ್ಲೂ ತಪ್ಪದೇ ಬಂದ 37 ಯಾವುವು ಎಂದು ಗೊತ್ತಾಗದೇ ಇರುತ್ತದಾ? ಒಂದು ಪದಕ್ಕೆ ಒಮ್ಮೆ ಆಯ್ದ ನಕಲಿಗಳೇ ಕೊನೆತನಕ ಇರಬೇಕು.

ಇದಕ್ಕೆ ಬೆಲೆ ಇದೆ. ಒಂದು ಸ್ಕ್ಯಾನ್ ಫೈಲು 2 ಎಂಬಿ ಎಂದಿಟ್ಟುಕೊಂಡರೂ ಒಂದು ಹುಡುಕಾಟಕ್ಕೆ 54 ಎಂಬಿ ದಂಡ. ಕ್ಲೌಡಿನವರು ಒಳಗೆ ಹಾಕುವುದಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಹೊರಗೆ ತೆಗೆಯುವುದಕ್ಕೆ ಕೇಳುತ್ತಾರೆ. ಯಾವ ಫೈಲು ತೆಗೆದೆವು ಎಂಬುದೇ ಕಾಣದಂತೆ ಮಾಡುವ ಪಾತ್ ಓರಾಂ ಎಂಬ ವಿಧಾನವನ್ನೂ ನೋಡಿದೆ. ಅದರಲ್ಲಿ ಫೈಲುಗಳನ್ನು ಕವಲೊಡೆಯುವ ಮರದ ಆಕಾರದಲ್ಲಿ ಜೋಡಿಸಿ, ಒಂದು ಫೈಲಿಗೂ ಬುಡದಿಂದ ತುದಿಯ ತನಕ ಒಂದು ದಾರಿ ಪೂರ್ತಿ ಓದುತ್ತಾರೆ. ಮಾಮೂಲಿ ಲೆಕ್ಕದಲ್ಲಿ 30,109 ಫೈಲಿಗೆ 16 ಮೆಟ್ಟಿಲಿನ ಮರ, ಮೆಟ್ಟಿಲಿಗೆ ಫೈಲು ಹಿಡಿಸುವ 4 ಬ್ಲಾಕ್. ಒಂದು ಫೈಲಿಗೋಸ್ಕರ 64 ಬ್ಲಾಕ್ ಓದಿ, 64 ವಾಪಸ್ ಬರೆಯಬೇಕು. ಸ್ಕ್ಯಾನ್ ಫೈಲುಗಳಿಗೆ ಇದು ಆಗುವ ಮಾತಲ್ಲ. 2016ರಲ್ಲಿ ಬಂದ ಇನ್ನೊಂದು ದಾಳಿ ಪ್ಯಾಡಿಂಗನ್ನೇ ಲೆಕ್ಕಕ್ಕಿಡುವುದಿಲ್ಲ. ದಾಳಿಕೋರನೇ ಬೇಕಾದ ಪದ ತುಂಬಿದ ಮೇಲುಗಳನ್ನು ನಿಮಗೆ ಕಳಿಸುತ್ತಾನೆ, ಅವೂ ನಿಮ್ಮ ಇಂಡೆಕ್ಸಿಗೆ ಸೇರುತ್ತವೆ. ಸಾವಿರ ಪದಗಳಲ್ಲಿ ಯಾವುದನ್ನು ಹುಡುಕಿದಿರಿ ಎಂದು ತಿಳಿಯಲು ಅಂಥ 10 ಮೇಲು ಸಾಕು. ನನ್ನ ಕಡೆಯ ಅಧ್ಯಾಯ ಅದರ ಮೇಲೇ ನಿಂತಿದೆ, ಇನ್ನೂ ಮುಗಿದಿಲ್ಲ.

ಭಾವನ ಆಸ್ಪತ್ರೆಗೆ ಕೊನೆಗೆ ನಾನು ಹಾಕಿಕೊಟ್ಟದ್ದರಲ್ಲಿ ನನ್ನ ಸಂಶೋಧನೆ ಹೆಚ್ಚೇನೂ ಇಲ್ಲ. ಸಣ್ಣ ಆಸ್ಪತ್ರೆಯ ಇಂಡೆಕ್ಸ್ ಒಂದು ಪೆನ್‌ಡ್ರೈವಿಗೆ ಆರಾಮಾಗಿ ಹಿಡಿಯುತ್ತದೆ. ಅದನ್ನು ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇಟ್ಟೆ. ಹುಡುಕಾಟ ಅಲ್ಲೇ. ಕ್ಲೌಡಿನಲ್ಲಿ ಎನ್‌ಕ್ರಿಪ್ಟ್ ಆದ ಫೈಲುಗಳು, ಎನ್‌ಕ್ರಿಪ್ಟ್ ಆದ ಇಂಡೆಕ್ಸಿನ ಒಂದು ಪ್ರತಿ, ಅಷ್ಟೆ. ಮರುದಿನ ಬೇಕಾಗುವ ಫೈಲುಗಳನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳುತ್ತದೆ, ಶುಗರಿನವರು, ಜ್ವರದವರು, ಬೇರೆ ವಾರದವರು ಎಲ್ಲ ಬೆರೆಸಿ. ಬುಧವಾರದ ಕಟ್ಟು ಅಂತ ಬೇರೆ ಕಾಣಬಾರದು ನೋಡಿ.

ಉಳಿದದ್ದು ಕೀ. ಅದು ಕಳೆದರೆ ಫೈಲೆಲ್ಲ ಹೋದ ಹಾಗೆಯೇ. ಕಾಗದದ ಮೇಲೆ ಎರಡು ಪ್ರತಿ ಮುದ್ರಿಸಿ ಲಕೋಟೆಗೆ ಹಾಕಿದೆ. ಒಂದು ಆಸ್ಪತ್ರೆಯ ಬೀರುವಿಗೆ ಹೋಯಿತು. ಇನ್ನೊಂದನ್ನು ಭಾವ ಮನೆಯಲ್ಲಿ ಅಕ್ಕನ ರೇಷ್ಮೆ ಸೀರೆಗಳ ಕೆಳಗೆ ಇಡಲು ಹೊರಟರು. "ಅಲ್ಲಿ ಬೇಡ, ಹಬ್ಬಕ್ಕೆ ಸೀರೆ ತೆಗಿಯುವಾಗ ಎಲ್ಲೋ ಬಿದ್ದು ಹೋಗತ್ತೆ" ಅಂದಳು ಅಕ್ಕ. ಈಗ ಅದು ಎಲ್‌ಐಸಿ ಬಾಂಡುಗಳ ಜೊತೆ ಇದೆ.